ಕೀಲಿಕೈ ಎಲ್ಲಿ?

ಗಿಣಿಗೇರಾದ ಕಾರ್ಖಾನೆಯಿಂದ ಬೈಕಿನಲ್ಲಿ ಬರಬೇಕಿದ್ದ ಮಾವ, ಆ ರಾತ್ರಿ ಒಂಬತ್ತಕ್ಕೆ ಯಾರದೋ ಟಂಟಂನಿಂದ ಕೊಪ್ಪಳದಲ್ಲಿ ಇಳಿದರು. ಮೂತ್ರಕ್ಕೆಂದು ಹೆದ್ದಾರಿ ಬದಿಗೆ ನಿಲ್ಲಿಸಿದ್ದೆ, ತಿರುಗಿ ನೋಡುವಷ್ಟರಲ್ಲಿ ಗಾಡಿ ಮಾಯ ಎಂದರು. ಮನೆಗೂ ಹೋಗದೆ ನೇರ ಠಾಣೆಗೆ ನಡೆದೆವು. ದೂರು ಬರೆಯುವ ಕೆಲಸ ನನ್ನದೇ. 'ಬೈಕ್ ಕಳುವಾಗಿದೆ, ಹುಡುಕಿಕೊಡಬೇಕಾಗಿ ವಿನಂತಿ' ಎಂದು ಅಂದವಾಗಿಯೇ ಬರೆದೆ.

ಎಎಸ್‌ಐ ಅದನ್ನು ಓದಿ ತಲೆ ಎತ್ತಿದರು. "ಯಜಮಾನರೇ, ಕೀಲಿಕೈ ಕೊಡಿ."

ಮಾವ ಜೇಬು ತಡವಿದರು. ಒಂದು ಜೇಬಾಯಿತು, ಇನ್ನೊಂದಾಯಿತು. ಹಾಗೆ ತಡವುವಾಗಲೇ ನನಗೆ ಕಂಡದ್ದು: ಮೊಣಕೈ ಹತ್ತಿರ ಅಂಗಿ ಹರಿದಿತ್ತು, ರಕ್ತ ಒಣಗಿ ಬಟ್ಟೆ ಚರ್ಮಕ್ಕೆ ಅಂಟಿಕೊಂಡಿತ್ತು. ಇಷ್ಟು ಹೊತ್ತು ಪಕ್ಕದಲ್ಲೇ ಕುಳಿತಿದ್ದ ನನ್ನ ಕಣ್ಣು ಎಲ್ಲಿತ್ತೋ.

"ಎಷ್ಟು ಜನ ಇದ್ದರು?" ಎಎಸ್‌ಐ ದನಿ ತಗ್ಗಿಸಿದರು.

"ಇಬ್ಬರು. ಹುಡುಗರು. ನನ್ನ ಮಗನಿಗಿಂತ ಸಣ್ಣವರು."

ಅಡ್ಡಗಟ್ಟಿ, ಕೊರಳಪಟ್ಟಿ ಹಿಡಿದು ಕೆಳಗೆ ಕೆಡವಿ ಗಾಡಿ ಒಯ್ದಿದ್ದರು. ಐವತ್ತೆಂಟರ ಮನುಷ್ಯನಿಗೆ ಬೈಕ್ ಹೋದ ದುಃಖಕ್ಕಿಂತ ಹುಡುಗರ ಕೈಯಲ್ಲಿ ಬಿದ್ದ ನಾಚಿಕೆ ದೊಡ್ಡದಾಗಿತ್ತು.

ನನ್ನ ಹಾಳೆ ಬದಿಗೆ ಸರಿಯಿತು. ನಿಲ್ಲಿಸಿದ ಗಾಡಿಯನ್ನು ಕಣ್ಣು ತಪ್ಪಿಸಿ ಒಯ್ದರೆ ಕಳವು, ಭಾರತೀಯ ನ್ಯಾಯ ಸಂಹಿತೆಯ ಕಲಂ 303, ಸಾಮಾನ್ಯವಾಗಿ ಮೂರು ವರ್ಷದವರೆಗೆ ಶಿಕ್ಷೆ. ಅದೇ ಗಾಡಿಯನ್ನು ಹೊಡೆದೋ, ಅಡ್ಡಗಟ್ಟಿಯೋ, ಈಗಲೇ ಹೊಡೆಯುತ್ತೇವೆಂದು ಹೆದರಿಸಿಯೋ ಒಯ್ದರೆ ಸುಲಿಗೆ, ಕಲಂ 309, ಹತ್ತು ವರ್ಷದವರೆಗೆ ಕಠಿಣ ಸಜೆ. ಕಳವೋ ಸುಲಿಗೆಯೋ ಎಂಬುದಕ್ಕೆ ಗಾಡಿಯ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. 2024ರ ಜುಲೈ 1ಕ್ಕೆ ಮೊದಲು, ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ, ಇವು 379, 392 ಆಗಿದ್ದವು. ನಮ್ಮ ಜನರಿಗೆ ಬಾಯಿಪಾಠ ಇರುವುದು 420 ಒಂದೇ, ಪಾಪ, ಅದೂ ಈಗ 318 ಆಗಿದೆ.

"ಹೆದ್ದಾರಿಯ ಮೇಲೋ, ಒಳದಾರಿಯಲ್ಲೋ? ಕತ್ತಲಾಗಿತ್ತೇ?" ಎಎಸ್‌ಐ ಮತ್ತೆ ಮತ್ತೆ ಕೇಳಿದರು. ನನಗೆ ರೇಗಿತು, ಇದೆಂಥ ತಕರಾರು ಎಂದು. ಹೆದ್ದಾರಿಯಲ್ಲಿ ಸೂರ್ಯ ಮುಳುಗಿ ಹುಟ್ಟುವುದರೊಳಗೆ ಸುಲಿಗೆಯಾದರೆ ಶಿಕ್ಷೆ ಹದಿನಾಲ್ಕು ವರ್ಷದವರೆಗೆ ಏರಬಹುದಂತೆ. ಗಾಯವನ್ನೂ ಮಾಡಿದ್ದರೆ ಜೀವಾವಧಿಯವರೆಗೂ ದಾರಿ ಇದೆ. ಐವರು ಸೇರಿ ಮಾಡಿದ್ದರೆ ಅದು ಡಕಾಯಿತಿ, ಕಲಂ 310. ಮಾವನ ಪಾಲಿಗೆ ಬಂದವರು ಇಬ್ಬರೇ.

ಗಾಯದ ಪ್ರಮಾಣಪತ್ರಕ್ಕಾಗಿ ಜಿಲ್ಲಾಸ್ಪತ್ರೆಗೆ ಕಳಿಸಿದರು. ನರ್ಸ್ ಬಟ್ಟೆಯನ್ನು ನೀರು ಹಾಕಿ ನೆನೆಸಿ ಬಿಡಿಸುವಾಗ ಮಾವ ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದರು. ಅಲ್ಲಿಂದ ಮತ್ತೆ ಠಾಣೆ, ಹೊಸ ದೂರು, ಸಹಿ, ಎಫ್‌ಐಆರ್ ಪ್ರತಿ. ಮುಗಿಯುವಾಗ ಎರಡು ಗಂಟೆ.

ನಮ್ಮ ಓಣಿ ತಿರುಗುವಾಗ ಮಾವ ಅಂಗಿಯ ತೋಳನ್ನು ಪಟ್ಟಿಯ ಮೇಲೆ ಎಳೆದುಕೊಂಡರು. "ನಿನ್ನ ಅತ್ತೆಗೆ ಮಾತ್ರ ಕಳುವಾಯಿತೆಂದೇ ಹೇಳು," ಎಂದರು.