ಎಜುಕೇಷನ್ ಲೋನ್‌ಗೆ ಯಾರ ಎದುರು ಹೋಗಿ ಕೂರಬೇಕು?

ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ಸಿಇಟಿ ಸೀಟು ಹಂಚಿಕೆ ಶುರುವಾಯಿತು ಅಂದರೆ ಹಳೆಯ ವಿದ್ಯಾರ್ಥಿಗಳ ಫೋನು ಬರುತ್ತದೆ. "ಮೇಡಂ, ಬ್ಯಾಂಕ್‌ನಲ್ಲಿ ಲೋನ್ ಆಗಲ್ಲ ಅಂದ್ರು. ಈಗ ಯಾರನ್ನ ಕೇಳೋದು?"

ಅರ್ಜಿಯನ್ನೇನೋ ಪಿಎಂ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಬಹುದು. ಆದರೆ ತೋಟದ ಕೂಲಿಗೆ ಹೋಗುವ ಅಪ್ಪನಿಗೆ ಮೊಬೈಲ್ ಪರದೆ ಏನು ಉತ್ತರ ಕೊಡುತ್ತದೆ? ಎದುರು ಕೂರಿಸಿಕೊಂಡು, ಕಾಗದ ನೋಡಿ, "ಇದೊಂದು ಇಲ್ಲ, ತಗೊಂಡು ಬನ್ನಿ" ಅನ್ನುವ ಮನುಷ್ಯ ಬೇಕು. ಅಂಥವರು ಪ್ರತಿ ಜಿಲ್ಲಾ ಕೇಂದ್ರದಲ್ಲೂ ಇದ್ದಾರೆ. ಜನರಿಗೆ ವಿಳಾಸ ಗೊತ್ತಿಲ್ಲ, ಅಷ್ಟೇ.

ಮೊದಲು ಲೀಡ್ ಬ್ಯಾಂಕ್ ಕಚೇರಿ. 1969ರಿಂದ ಇರುವ ವ್ಯವಸ್ಥೆ ಇದು. ಪ್ರತಿ ಜಿಲ್ಲೆಯಲ್ಲೂ ಒಂದು ಬ್ಯಾಂಕಿಗೆ ಉಳಿದ ಬ್ಯಾಂಕುಗಳ ಜೊತೆ ಸಮನ್ವಯದ ಜವಾಬ್ದಾರಿ ಇರುತ್ತದೆ. ನಮ್ಮ ಶಿವಮೊಗ್ಗಕ್ಕೆ ಕೆನರಾ ಬ್ಯಾಂಕ್, ಮೈಸೂರಿಗೆ ಸ್ಟೇಟ್ ಬ್ಯಾಂಕ್. ಅಲ್ಲಿರುವ ಲೀಡ್ ಜಿಲ್ಲಾ ಮ್ಯಾನೇಜರನ್ನು ಯಾರು ಬೇಕಾದರೂ ಹೋಗಿ ಕಾಣಬಹುದು. ಶಿಫಾರಸು ಬೇಕಿಲ್ಲ.

ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಸರ್ಕಾರಿ ಕೋಟಾದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಕೇಳಿದ ಸಾಲ 4 ಲಕ್ಷದೊಳಗೆ. ಶಾಖೆಯಲ್ಲಿ ಜಮೀನಿನ ಪತ್ರ ಕೇಳಿದರು. ಆಮೇಲೆ "ನಿಮ್ಮೂರು ನಮ್ಮ ಸರ್ವಿಸ್ ಏರಿಯಾಕ್ಕೆ ಬರಲ್ಲ" ಅಂದರು, ಅಂದರೆ ಆ ಶಾಖೆಗೆ ಹಂಚಿರುವ ಊರುಗಳಲ್ಲಿ ಅವಳ ಊರು ಇಲ್ಲ ಅಂತ. ಎರಡೂ ತಪ್ಪು. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಸರ್ವಿಸ್ ಏರಿಯಾ ನೆಪದಲ್ಲಿ ಅರ್ಜಿ ತಿರಸ್ಕರಿಸಬಾರದು ಅಂತ 2012ರಲ್ಲೇ ಸುತ್ತೋಲೆ ಹೊರಟಿದೆ. ಹುಡುಗಿಯನ್ನು ಕರೆದುಕೊಂಡು ಲೀಡ್ ಬ್ಯಾಂಕಿಗೆ ಹೋದೆ. ಅವರು ಕೇಳಿದ ಮೊದಲ ಮಾತು, "ಆಗಲ್ಲ ಅಂತ ಬರೆದು ಕೊಟ್ಟಿದ್ದಾರಾ?" ಕೊಟ್ಟಿರಲಿಲ್ಲ. ಅಲ್ಲಿಂದಲೇ ಶಾಖೆಗೆ ಫೋನ್ ಹೋಯಿತು. ಫೈಲು ಮತ್ತೆ ತೆರೆಯಿತು, ಸಾಲವೂ ಆಯಿತು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಬಾಯಿಮಾತಿನ "ಆಗಲ್ಲ"ಕ್ಕೆ ಎದ್ದು ಬರಬೇಡಿ. ಅರ್ಜಿಗೆ ಸ್ವೀಕೃತಿ ಕೇಳಿ. ತಿರಸ್ಕರಿಸಿದರೆ ಕಾರಣ ಬರೆಸಿಕೊಳ್ಳಿ. ಶಿಕ್ಷಣ ಸಾಲಕ್ಕೆಂದು ಬ್ಯಾಂಕುಗಳ ಸಂಘ ಮಾಡಿರುವ ಮಾದರಿ ಯೋಜನೆಯ ಪ್ರಕಾರ ತಿರಸ್ಕರಿಸುವ ಮುಂಚೆ ಮೇಲಧಿಕಾರಿಯ ಒಪ್ಪಿಗೆ ಬೇಕು. ಬರೆದುಕೊಡಿ ಅಂದಾಗ ಎಷ್ಟೋ ಸಲ ಮಾತೇ ಬದಲಾಗುತ್ತದೆ, ನಾನೇ ನೋಡಿದ್ದೇನೆ. ಹಾಗಂತ ಲೀಡ್ ಬ್ಯಾಂಕಿನವರು ಸಾಲ ಮಂಜೂರು ಮಾಡುವವರಲ್ಲ. ಅಪ್ಪನ ಹಳೇ ಸಾಲ ಸುಸ್ತಿಯಾಗಿ ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ಕೆಟ್ಟಿದ್ದರೆ ಅವರಿಂದಲೂ ಕಷ್ಟ. ಅಂಥ ಮನೆಗಳಲ್ಲಿ ಮೊದಲು ಆ ಸಾಲದ ಲೆಕ್ಕ ಸರಿಮಾಡಿಕೊಳ್ಳುವುದೇ ದಾರಿ.

ಇನ್ನೊಂದು ಬಾಗಿಲು ರಾಜ್ಯ ಸರ್ಕಾರದ ನಿಗಮಗಳದ್ದು. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರಿಗೆ ಅವರದೇ ಅಭಿವೃದ್ಧಿ ನಿಗಮ. ಎರಡರಲ್ಲೂ 'ಅರಿವು' ಸಾಲ ಇದೆ, ಬಡ್ಡಿ ಬರೀ 2%. ಸಿಇಟಿ ಬರೆದು ವೃತ್ತಿಪರ ಕೋರ್ಸ್ ಸೇರುವ ಮಕ್ಕಳಿಗೆ ಇದಕ್ಕಿಂತ ಹಗುರವಾದ ಸಾಲ ನಾನಂತೂ ಕಂಡಿಲ್ಲ. ಜಿಲ್ಲಾ ಕಚೇರಿಗೆ ಹೋದರೆ ಅರ್ಜಿ ಯಾವಾಗ ಕರೆಯುತ್ತಾರೆ, ಏನೇನು ಕಾಗದ ಬೇಕು ಅಂತ ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ.

ಹೋಗುವ ಮುಂಚೆ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಎಲ್ಲ ಕಡೆಯೂ ಬೇಕಾಗುತ್ತದೆ. ಕುಟುಂಬದ ವರ್ಷದ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಇರುವ ಕಾಲೇಜಿನಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ ಇದೆ. ಅರ್ಹತೆ ಇದ್ದೂ ಕೇಳದೆ ಬಡ್ಡಿ ಕಟ್ಟಿದ ಮನೆಗಳನ್ನು ನೋಡಿ ಹೊಟ್ಟೆ ಉರಿದಿದೆ ನನಗೆ.

ಈಗಾಗಲೇ ಸಾಲ ತೀರಿಸಲಾಗದೆ ಒದ್ದಾಡುತ್ತಿರುವವರೂ ಇದ್ದಾರಲ್ವಾ? ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷದ ಮೇಲೆ ಕಂತು ಶುರು. ಕೆಲಸ ಸಿಕ್ಕಿಲ್ಲ ಅಂದರೆ ಫೋನ್ ಎತ್ತದೆ ಕೂರಬೇಡಿ. ಶಾಖೆಗೆ ಹೋಗಿ ಕಂತು ಇಳಿಸಿ, ಅವಧಿ ಜಾಸ್ತಿ ಮಾಡಿ ಅಂತ ಅರ್ಜಿ ಕೊಡಿ. ನೋಟಿಸ್ ಬಂದಿದ್ದರೆ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಲೋಕ ಅದಾಲತ್‌ನಲ್ಲಿ ಬ್ಯಾಂಕಿನವರ ಜೊತೆ ಕೂತು ರಾಜಿ ಮಾಡಿಕೊಳ್ಳಬಹುದು.

ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕ ಇಲ್ಲ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಇವುಗಳಲ್ಲಿ ಯಾವುದಕ್ಕೂ ಏಜೆಂಟ್ ಬೇಕಿಲ್ಲ. ಕಮಿಷನ್ ಕೊಟ್ಟರೆ ಲೋನ್ ಮಾಡಿಸಿಕೊಡ್ತೀನಿ ಅಂತ ಯಾರಾದರೂ ಬಂದರೆ ಮಗುವಿನ ಅಂಕಪಟ್ಟಿ, ಆಧಾರ್ ಅವರ ಕೈಗೆ ಕೊಡಬೇಡಿ.