ಸೀ ಲಯನ್ ಕೊಳದ ಲಾಗರ್: ಪ್ರೋಬ್ ಜೋಡಿಸಿದ ಮೇಲೆ

ಲಾಗರ್, ಅಂದರೆ ನೀರಿನ ಅಳತೆಗಳನ್ನು ತಾನೇ ಬರೆದಿಡುವ ಯಂತ್ರ, ಈಗ ಪಂಪ್ ರೂಮಿಗೆ ಬಂದು ಕೂತಿದೆ. ನಾನು ವಾರಾಂತ್ಯಕ್ಕೆ ವಾಲಂಟಿಯರ್ ಆಗಿ ಹೋಗುವ, ಕ್ಯಾಲಿಫೋರ್ನಿಯಾ ಕರಾವಳಿಯ ಅಕ್ವೇರಿಯಂ ಇದು. ಕೊಳಕ್ಕೆ ಸಮುದ್ರದ ನೀರನ್ನೇ ತುಂಬುತ್ತಾರೆ. ಅದನ್ನೇ ಸೋಸಿ, ಕ್ಲೋರಿನ್ ಹಾಕಿ ಮತ್ತೆ ಬಿಡುತ್ತಾರೆ.

ಪಿಎಚ್ (ನೀರಿನ ಆಮ್ಲೀಯತೆ) ಮತ್ತು ಓಆರ್‌ಪಿ ಅಳೆಯುವ ಪ್ರೋಬ್‌ಗಳನ್ನು ಕ್ಲೋರಿನ್ ಸೇರುವ ಜಾಗಕ್ಕಿಂತ ಮೊದಲೇ ಕೂರಿಸಿದ್ದೇವೆ. ಆಚೆ ಇಟ್ಟರೆ ಪ್ರಾಣಿ ಈಜುವ ನೀರಿನ ಲೆಕ್ಕ ಸಿಗುವುದಿಲ್ಲ, ಡೋಸಿಂಗ್ ಪಂಪಿನ ಲೆಕ್ಕ ಸಿಗುತ್ತದೆ. ಓಆರ್‌ಪಿ ಅಂದರೆ ಕೊಳೆ ಸುಡುವ ತಾಕತ್ತು ನೀರಿಗೆ ಎಷ್ಟಿದೆ ಅನ್ನುವುದರ ಮಿಲಿವೋಲ್ಟ್ ಅಂದಾಜು.

ಗ್ರಾಫ್ ನೋಡಲು ಚೆಂದ. ಹೆರಿಂಗ್ ಮೀನು ಹಾಕಿದ ಮೇಲೆ ಓಆರ್‌ಪಿ ಗೆರೆ ಇಳಿಯುತ್ತದೆ, ಆಮೇಲೆ ಮೆಲ್ಲಗೆ ಏರುತ್ತದೆ. ಆದರೆ ಏರಿಕೆ ದಿನೇ ದಿನೇ ನಿಧಾನವಾಗುತ್ತಿತ್ತು. ಪ್ರೋಬ್ ತೆಗೆದು ನೋಡಿದರೆ ತುದಿಯ ಪ್ಲಾಟಿನಂ ಮೇಲೆ ಜಿಡ್ಡು, ಮೀನು ಹುರಿದ ಬಾಣಲೆಯದ್ದೇ ಥರ. ಸೋಪು ನೀರಲ್ಲಿ ತೊಳೆದ ಮೇಲೆ ಸರಿಹೋಯಿತು.

ಅದಕ್ಕೇ ಕೈಯಾರೆ ಮಾಡುವ ಡಿಪಿಡಿ ಟೆಸ್ಟ್ (ಕ್ಲೋರಿನ್ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಪರೀಕ್ಷೆ) ಬಿಟ್ಟಿಲ್ಲ. 10 ಮಿಲಿ ನೀರಿಗೆ ಒಂದನೇ ನಂಬರಿನ ಮಾತ್ರೆ, ಗುಲಾಬಿ ಬಣ್ಣ. ಮೂರನೇ ನಂಬರಿನದು ಹಾಕಿದಾಗ ಬಣ್ಣ ಇನ್ನಷ್ಟು ಗಾಢವಾದರೆ ಕ್ಲೋರಿನ್ ಮೂತ್ರದ ಅಮೋನಿಯಾ ಜೊತೆ ಸೇರಿಕೊಂಡಿದೆ ಅಂತ ಅರ್ಥ. ಕಣ್ಣು ಉರಿಸುವುದು ಜಾಸ್ತಿ ಇದೇ. ಸಮುದ್ರದ ನೀರಲ್ಲಿ ಇನ್ನೊಂದು ತಿರುವು: ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇರುತ್ತದೆ. ಕ್ಲೋರಿನ್ ಹಾಕಿದರೆ ಅದು ಬ್ರೋಮಿನ್ ಆಗುತ್ತದೆ. ಡಿಪಿಡಿಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಲ್ಲಿ ಕೆಲಸ ಮಾಡುವುದು ಬ್ರೋಮಿನ್ ಆದ್ದರಿಂದ, ಸಿಹಿನೀರಿನ ಈಜುಕೊಳಕ್ಕೆ ಹೇಳುವ 650 ಮಿಲಿವೋಲ್ಟ್ ಓಆರ್‌ಪಿಯನ್ನು ಇಲ್ಲಿ ಸುಮ್ನೆ ಎತ್ತಿ ತಂದು ಹಾಕುವಂತಿಲ್ಲ. ನಿಜ ಹೇಳಬೇಕೆಂದರೆ, ಪ್ರಾಣಿ ಕಣ್ಣು ಕಿರಿದು ಮಾಡುತ್ತಿದೆ ಅಂತ ಕೀಪರ್ ಹೇಳಿದರೆ ನನ್ನ ಗ್ರಾಫ್‌ಗಿಂತ ಆ ಮಾತಿಗೇ ಬೆಲೆ ಜಾಸ್ತಿ.

ಬ್ಯಾಕ್ಟೀರಿಯಾ ಲೆಕ್ಕವಂತೂ ಲಾಗರ್‌ಗೆ ಸಿಗುವುದೇ ಇಲ್ಲ. ಅಮೆರಿಕದ ನಿಯಮದಲ್ಲಿ ಪಿಎಚ್ ದಿನಾ, ಕೋಲಿಫಾರ್ಮ್ (ಮಲದಿಂದ ನೀರು ಕೆಟ್ಟಿರುವ ಸುಳಿವು ಕೊಡುವ ಬ್ಯಾಕ್ಟೀರಿಯಾ) ವಾರಕ್ಕೊಮ್ಮೆಯಾದರೂ ನೋಡಬೇಕು. 100 ಮಿಲಿಗೆ 1,000 ಎಂಪಿಎನ್ (ಬ್ಯಾಕ್ಟೀರಿಯಾ ಎಷ್ಟಿರಬಹುದು ಅನ್ನುವ ಅಂದಾಜು ಎಣಿಕೆ) ದಾಟಿದರೆ 48 ಗಂಟೆಗೊಂದರಂತೆ ಇನ್ನೆರಡು ಸ್ಯಾಂಪಲ್ ತೆಗೆದು ಮೂರರ ಸರಾಸರಿ ನೋಡಬಹುದು. ಸ್ಯಾಂಪಲ್ ಬಾಟಲಿಯ ತಳದಲ್ಲಿ ಚಿಟಿಕೆ ಬಿಳಿ ಪುಡಿ ಇರುತ್ತದೆ, ಕ್ಲೋರಿನ್ ಅಳಿಸುವ ಥಯೋಸಲ್ಫೇಟ್. ಕಸ ಅಂದುಕೊಂಡು ತೊಳೆಯಬಾರದು! ಅದಿಲ್ಲದಿದ್ದರೆ ಲ್ಯಾಬ್ ತಲುಪುವಷ್ಟರಲ್ಲಿ ಬಾಟಲಿಯೊಳಗಿನ ಕ್ಲೋರಿನ್ನೇ ಬ್ಯಾಕ್ಟೀರಿಯಾ ಕೊಂದು, ರಿಪೋರ್ಟ್ ಸುಳ್ಳೇ ಚೆನ್ನಾಗಿ ಬರುತ್ತದೆ.

ಮುಂದಿನ ಕೆಲಸ, ನೀರು ಹರಿಯುತ್ತಿದೆಯೋ ಇಲ್ಲವೋ ಹೇಳುವ ಫ್ಲೋ ಸ್ವಿಚ್. ಫಿಲ್ಟರ್ ಬ್ಯಾಕ್‌ವಾಶ್ ಮಾಡುವಾಗ (ನೀರನ್ನು ಉಲ್ಟಾ ಹರಿಸಿ ತೊಳೆಯುವಾಗ) ನೀರು ನಿಂತರೂ ಪ್ರೋಬ್ ಏನೋ ಒಂದು ಅಂಕಿ ಬರೆಯುತ್ತಲೇ ಇರುತ್ತದೆ. ಆ ಅಂಕಿಗಳನ್ನು ಲಾಗರ್ ತಾನೇ ಪಕ್ಕಕ್ಕಿಡಬೇಕು. ಸ್ವಿಚ್ ಪ್ಲಾಸ್ಟಿಕ್ಕಿನದೇ ಹುಡುಕುತ್ತಿದ್ದೇನೆ. ಇಲ್ಲಿನ ಉಪ್ಪುಗಾಳಿಗೆ ಸ್ಟೀಲೂ ತಡೆಯುವುದಿಲ್ಲ.