ಅಲ್ಲಾಡಬೇಕಾದ ಬೋಲ್ಟ್

ಹೋದ ವಾರ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಹೊರಮೈಯ ಕಾಂಕ್ರೀಟ್ ಪ್ಯಾನೆಲ್‌ಗಳ ಜೋಡಣೆ ಪರೀಕ್ಷಿಸುತ್ತಿದ್ದೆ. ಪ್ಯಾನೆಲನ್ನು ಕಂಬಕ್ಕೆ ಹಿಡಿಸುವ ಮೇಲಿನ ಬ್ರಾಕೆಟ್‌ಗಳಿಗೆ ನಾನೇ ನಕ್ಷೆಯಲ್ಲಿ ಸ್ಲಾಟ್, ಅಂದರೆ ಉದ್ದನೆಯ ತೂತು, ಬರೆದುಕೊಟ್ಟಿದ್ದೆ, ಬೋಲ್ಟ್ ಅದರೊಳಗೆ ಎರಡೂ ಕಡೆ ಜಾರಲಿ ಎಂದು. ನೋಡಿದರೆ ವಾಷರ್‌ಗಳನ್ನೆಲ್ಲ ಬ್ರಾಕೆಟ್‌ಗೆ ವೆಲ್ಡ್ ಮಾಡಿದ್ದಾರೆ! "ಅಲ್ಲಾಡ್ತಿತ್ತು ಮೇಡಂ, ಅದಕ್ಕೇ ಗಟ್ಟಿ ಮಾಡ್ದೆ" ಅಂದರು ಫಿಟ್ಟರ್. ಅವರ ಮೇಲೆ ಕೋಪ ಬರಲಿಲ್ಲ. ಅದು ಯಾಕೆ ಅಲ್ಲಾಡಬೇಕು ಅಂತ ನಾವ್ಯಾರೂ ಅವರಿಗೆ ಹೇಳಿರಲಿಲ್ಲ.

ಅಲ್ಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದೆ. ಮಹಡಿಯ ಎತ್ತರ 3.5 ಮೀಟರ್. ಜೋರು ಭೂಕಂಪದಲ್ಲಿ ಮೇಲಿನ ಮಹಡಿ ಕೆಳಗಿನದಕ್ಕಿಂತ ಶೇ. 2ರಷ್ಟು ಪಕ್ಕಕ್ಕೆ ಸರಿದರೆ 7 ಸೆಂಟಿಮೀಟರ್. ಕಂಬ ಅಷ್ಟು ವಾಲುತ್ತದೆ, ಪ್ಯಾನೆಲ್ ವಾಲುವುದಿಲ್ಲ. ಬೋಲ್ಟ್‌ಗೆ ಜಾರಲು ಜಾಗವಿಲ್ಲದಿದ್ದರೆ ಅದು ಕತ್ತರಿಸಿಹೋಗುತ್ತದೆ. 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಆ ಪ್ಯಾನೆಲ್ ಸುಮಾರು 4 ಟನ್ ತೂಗುತ್ತದೆ. 2012ರಲ್ಲಿ ಇಟಲಿಯ ಎಮಿಲಿಯಾ ಭೂಕಂಪದಲ್ಲಿ ಕಾರ್ಖಾನೆಗಳ ಪ್ಯಾನೆಲ್‌ಗಳು ಕಂಬದಿಂದ ಕಿತ್ತು ಬಿದ್ದಿದ್ದವು. 1987ರ ವಿಟ್ಟಿಯರ್ ನ್ಯಾರೋಸ್ ಭೂಕಂಪದಲ್ಲಿ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯವೊಂದರ ಪಾರ್ಕಿಂಗ್ ಕಟ್ಟಡದ ಕಾಂಕ್ರೀಟ್ ಫಲಕ ಬಿದ್ದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಸ್ಲಾಟ್ ಬರೆಯುವಾಗಲೆಲ್ಲ ನನಗೆ ಆಕೆಯ ನೆನಪು ಬರುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಮಾತು. ಕಂಬ ವಾಲುತ್ತದೆ, ಪ್ಯಾನೆಲ್ ನಿಲ್ಲುತ್ತದೆ. ಇವೆರಡರ ನಡುವಿನ ಆ 7 ಸೆಂಟಿಮೀಟರ್ ಸರಿದಾಟವನ್ನು ಸುಮ್ಮನೆ ಬಿಟ್ಟುಕೊಡುವ ಬದಲು ದುಡಿಸಿಕೊಳ್ಳಬಾರದೇಕೆ? ಯು ಆಕಾರಕ್ಕೆ ಬಗ್ಗಿಸಿದ ಉಕ್ಕಿನ ಪಟ್ಟಿಯ ಒಂದು ತೋಳನ್ನು ಪ್ಯಾನೆಲ್‌ಗೆ, ಇನ್ನೊಂದನ್ನು ಕಂಬಕ್ಕೆ ಕಟ್ಟಿದರೆ, ಎರಡೂ ಸರಿದಾಗ ಪಟ್ಟಿ ಉರುಳುತ್ತ ಬಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುತ್ತದಲ್ಲ, ಹಾಗೆ ಕಂಪನದ ಶಕ್ತಿ ಅಲ್ಲಿ ಶಾಖವಾಗಿ ಕರಗುತ್ತದೆ. ಬಾಗುವ ಜಾಗ ಪಟ್ಟಿಯುದ್ದಕ್ಕೂ ಸಾಗುವುದರಿಂದ ಅದು ಒಂದೇ ಕಡೆ ದಣಿದು ಬೇಗ ತುಂಡಾಗುವುದಿಲ್ಲ. ಈ ಪಟ್ಟಿಯ ವಿಚಾರವನ್ನು ಕೆಲ್ಲಿ, ಸ್ಕಿನ್ನರ್, ಹೈನ್ ಎಂಬ ಮೂವರು 1972ರಲ್ಲೇ ನ್ಯೂಜಿಲೆಂಡಿನಿಂದ ಪ್ರಕಟಿಸಿದ್ದರು. ಇಂಥ ಹೊರಮೈ ಪ್ಯಾನೆಲ್‌ಗಳ ಜೋಡಣೆಯಲ್ಲೇ ಶಕ್ತಿ ಇಂಗಿಸುವ ಬಗ್ಗೆ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಗುಡ್‌ನೋ ಮತ್ತು ಕ್ರೇಗ್ ವರ್ಷಗಟ್ಟಲೆ ದುಡಿದರು. ಭೂಕಂಪ ಮುಗಿದ ಮೇಲೆ ಬದಲಿಸಬೇಕಾದದ್ದು ಪಟ್ಟಿಯನ್ನು, ಕಂಬವನ್ನಲ್ಲ ಎಂಬುದೇ ನನಗೆ ಇದರಲ್ಲಿ ತುಂಬ ಹಿಡಿಸಿದ್ದು.

ಹಾಗಂತ ಎಲ್ಲ ಕಟ್ಟಡಕ್ಕೂ ನಾನು ಇದನ್ನು ಸೂಚಿಸುವುದಿಲ್ಲ. ಹೀಗೆ ಪಟ್ಟಿಯ ಮೂಲಕ ಪ್ಯಾನೆಲ್ ಕೂಡ ಭೂಕಂಪದ ಬಲ ಹೊರುವುದಾದರೆ ಅದು ಬರೀ ಅಲಂಕಾರವಾಗಿ ಉಳಿಯುವುದಿಲ್ಲ; ಹತ್ತು ವರ್ಷದ ಮೇಲೆ ಯಾರೋ ಅದರಲ್ಲಿ ದೊಡ್ಡ ಕಿಟಕಿ ಕೊರೆದರೆ ನನ್ನ ಲೆಕ್ಕವೇ ತಪ್ಪುತ್ತದೆ. ನೆಲಮಹಡಿಯನ್ನು ಅಂಗಡಿಗೋ ವಾಹನಕ್ಕೋ ಖಾಲಿ ಬಿಟ್ಟು ಮೇಲೆಲ್ಲ ಪ್ಯಾನೆಲ್ ಬಿಗಿದರೆ ಇನ್ನೂ ಅಪಾಯ, ವಾಲುವುದೆಲ್ಲ ಆ ಒಂದೇ ಮಹಡಿಯ ಪಾಲಿಗೆ ಬರುತ್ತದೆ.

ಫಿಟ್ಟರ್ ಸೀಮೆಸುಣ್ಣದ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡರು. ಮರುದಿನ ಗ್ರೈಂಡರ್ ಹಿಡಿದು ವೆಲ್ಡ್ ಬಿಡಿಸಿ, ಒಂದೊಂದು ಬೋಲ್ಟನ್ನೂ ಕೈಯಲ್ಲಿ ಜಾರಿಸಿ ನೋಡಿ ಬಣ್ಣದ ಗುರುತು ಹಾಕುತ್ತಿದ್ದರು. ಮೂರನೇ ಮಹಡಿಯ ಒಳಗೋಡೆ ಆಗಲೇ ಮುಚ್ಚಿಬಿಟ್ಟಿತ್ತು. ಈ ವಾರ ಅದನ್ನೂ ಬಿಚ್ಚಿಸುತ್ತಿದ್ದೇವೆ.